ಮಿಲ್ವಾಕಿಯ ಬೈಕುಗಳು: ನೋಟಕ್ಕೋ, ಓಟಕ್ಕೋ?

ಚಿಕಾಗೋದಿಂದ ಮಿಲ್ವಾಕಿಗೆ ರೈಲಿನಲ್ಲಿ ಒಂದೂವರೆ ಗಂಟೆಯ ದಾರಿ. ಅಮೇರಿಕಕ್ಕೆ ಹೋದ ನಮ್ಮವರು ಸಾಮಾನ್ಯವಾಗಿ ನಯಾಗರ, ನ್ಯೂಯಾರ್ಕ್ ಎಂದು ಸುತ್ತುತ್ತಾರೆಯೇ ಹೊರತು ಮಿಶಿಗನ್ ಸರೋವರದ ದಡದ ಈ ಕಾರ್ಖಾನೆಗಳ ಊರಿಗೆ ಹೋಗುವವರು ಕಡಿಮೆ. 2023ರ ಜೂನ್‌ನಲ್ಲಿ ನಾವು ಹೋದದ್ದು ಅಕ್ಕನ ಮಗನ ಹಟದಿಂದಾಗಿ. ಹನ್ನೊಂದರ ಹುಡುಗ, ಬೈಕಿನ ಹುಚ್ಚು. ನಿಲ್ದಾಣದಿಂದ ಸೇತುವೆ ದಾಟಿ ಹದಿನೈದು ನಿಮಿಷ ನಡೆದರೆ ಮೆನಾಮನಿ ನದಿಯ ಬದಿಯಲ್ಲಿ ಕಪ್ಪು ಇಟ್ಟಿಗೆ, ಉಕ್ಕಿನ ಕಂಬಗಳ ಕಟ್ಟಡಗಳು ಕಾಣಿಸುತ್ತವೆ. ಅದೇ ಹಾರ್ಲೆ ಡೇವಿಡ್‌ಸನ್ ಮ್ಯೂಸಿಯಂ. 2008ರ ಜುಲೈಯಲ್ಲಿ ತೆರೆದದ್ದು. ಸುಮಾರು 20 ಎಕರೆಯ ಜಾಗ.

ಹಾರ್ಲೆ ಕಂಪೆನಿ ಹುಟ್ಟಿದ್ದು ಇದೇ ಊರಿನಲ್ಲಿ, 1903ರಲ್ಲಿ, ಡೇವಿಡ್‌ಸನ್ ಕುಟುಂಬದ ಮನೆಯ ಹಿತ್ತಿಲಿನ ಶೆಡ್ಡೊಂದರಲ್ಲಿ. ಶೆಡ್ಡಿನ ಅಳತೆ 10 ಅಡಿಗೆ 15 ಅಡಿ. ನಮ್ಮ ಕಡೆ ಕಟ್ಟಿಗೆ ಕೊಟ್ಟಿಗೆಯೂ ಅದಕ್ಕಿಂತ ದೊಡ್ಡದಿರುತ್ತದೆ. ಆ ಮೊದಲ ಬೈಕುಗಳ ಟ್ಯಾಂಕಿನ ಮೇಲೆ ಕೆಂಪು ಗೆರೆ ಎಳೆದು ಹೆಸರು ಬರೆದವರು ಡೇವಿಡ್‌ಸನ್ ಸಹೋದರರ ಅತ್ತೆ ಜಾನೆಟ್ ಎಂದು ಕಂಪೆನಿಯ ಇತಿಹಾಸ ಹೇಳುತ್ತದೆ. ಹಾರ್ಲೆಯ ಟ್ಯಾಂಕಿಗೆ ಮೊದಲ ಚಿತ್ತಾರ ಬಂದದ್ದು ಮನೆಯ ಹೆಂಗಸೊಬ್ಬರ ಕೈಯಿಂದ. ಒಳಗೆ ಒಂದು ಗೋಡೆಯ ತುಂಬ ನೂರರಷ್ಟು ಟ್ಯಾಂಕುಗಳನ್ನು ಸಾಲಾಗಿ ಜೋಡಿಸಿದ್ದಾರೆ. ವರ್ಷ ಬದಲಾದಂತೆ ಬಣ್ಣ, ಅಕ್ಷರ, ರೆಕ್ಕೆ, ಹದ್ದು ಎಲ್ಲವೂ ಬದಲಾಗುತ್ತ ಹೋಗುವುದನ್ನು ಅಲ್ಲಿ ನೋಡಬಹುದು.

ಆದರೆ ಜನ ಹೆಚ್ಚು ಹೊತ್ತು ನಿಲ್ಲುವುದು ಕಾರ್ಖಾನೆ ಮಾಡಿದ ಬೈಕುಗಳ ಮುಂದಲ್ಲ, ಕೊಂಡವರು ಮನೆಗೆ ಒಯ್ದು ಕತ್ತರಿಸಿ, ಬೆಸುಗೆ ಹಾಕಿ, ತಮ್ಮಿಷ್ಟದಂತೆ ಮಾಡಿಕೊಂಡ ಬೈಕುಗಳ ಮುಂದೆ. ಅವುಗಳಿಗಾಗಿಯೇ ಇಲ್ಲಿ ಒಂದು ವಿಭಾಗವಿದೆ. ಅದರ ನಡುವೆ ‘ಕಿಂಗ್ ಕಾಂಗ್’. 13 ಅಡಿ ಉದ್ದ, ಒಂದರ ಹಿಂದೆ ಒಂದರಂತೆ ಎರಡು ಎಂಜಿನ್, ಎಲ್ಲೆಲ್ಲೂ ಕ್ರೋಮ್. ಫೀಲಿಕ್ಸ್ ಪ್ರೆಡ್ಕೋ ಎಂಬವರು ತಮ್ಮ ಕೈಯಾರೆ ಕಟ್ಟಿದ್ದು.

ಕ್ರೋಮ್ ಎಂದರೆ ಬರಿಯ ಹೊಳಪಲ್ಲ. ಕಬ್ಬಿಣವನ್ನು ಮೊದಲು ಉಜ್ಜಿ ನುಣುಪು ಮಾಡಬೇಕು, ಸಾಮಾನ್ಯವಾಗಿ ತಾಮ್ರದ ಲೇಪ, ಅದರ ಮೇಲೆ ನಿಕ್ಕೆಲ್, ಕೊನೆಗೆ ಕೂದಲೆಳೆಗಿಂತಲೂ ತೆಳ್ಳಗಿನ ಕ್ರೋಮಿಯಂ. ಕೆಳಗಿನ ಲೋಹದಲ್ಲಿ ಒಂದು ಗೀರು ಉಳಿದಿದ್ದರೂ ಮೇಲಿನ ಹೊಳಪು ಅದನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಬಣ್ಣ ಬಳಿದರೆ ಮುಚ್ಚಿಹೋಗುವ ತಪ್ಪು ಇಲ್ಲಿ ಮುಚ್ಚುವುದಿಲ್ಲ. ಅಷ್ಟುದ್ದದ ಬೈಕಿನಲ್ಲಿ ಎಲ್ಲಿಯೂ ಅಂಥ ಗೀರು ನನ್ನ ಕಣ್ಣಿಗೆ ಬೀಳಲಿಲ್ಲ.

“ಖಾಲಾ, ಇದು ಓಡುತ್ತಾ?” ಎಂದ ಹುಡುಗ.

ಆ ಪ್ರಶ್ನೆ ಕೇಳಿದ ಮೇಲೆ ನಾನು ಅಲ್ಲಿನ ಎಲ್ಲ ಬೈಕುಗಳನ್ನೂ ಬೇರೆ ರೀತಿಯಲ್ಲಿ ನೋಡತೊಡಗಿದೆ. 13 ಅಡಿಯ ಬೈಕನ್ನು ನೇರ ರಸ್ತೆಯಲ್ಲಿ ಬಿಡುವುದು ಒಂದು ಮಾತು. ನಾಲ್ಕು ರಸ್ತೆ ಕೂಡುವಲ್ಲಿ ತಿರುಗಿಸುವುದು ಇನ್ನೊಂದು. ಎರಡು ಚಕ್ರಗಳ ನಡುವಿನ ದೂರ ಹೆಚ್ಚಿದಷ್ಟೂ ತಿರುವಿಗೆ ಹೆಚ್ಚು ಜಾಗ ಬೇಕು. ನಮ್ಮ ಮಂಗಳೂರಿನ ಒಳರಸ್ತೆಗಳಲ್ಲಿ ಇದು ತಿರುಗಬೇಕಾದರೆ ಎರಡು ಅಂಗಡಿಗಳನ್ನು ತೆಗೆಸಬೇಕಾದೀತು.

ಮುಂದಿನ ಚಕ್ರವನ್ನು ಮಾರು ದೂರ ಚಾಚಿದ ‘ಚಾಪರ್’ ಬೈಕುಗಳ ಕಷ್ಟವೂ ಇಂಥದೇ. ಎರಡನೇ ಮಹಾಯುದ್ಧ ಮುಗಿಸಿ ಊರಿಗೆ ಮರಳಿದ ಸೈನಿಕರು ತಮ್ಮ ಭಾರದ ಬೈಕುಗಳ ಮಡ್‌ಗಾರ್ಡ್ ಕತ್ತರಿಸಿ, ಬೇಡದ್ದನ್ನೆಲ್ಲ ಕಿತ್ತು ಹಗುರ ಮಾಡಿಕೊಂಡರು. ಕತ್ತರಿಸಿದ್ದು ವೇಗಕ್ಕಾಗಿ, ಅಂದರೆ ಓಟಕ್ಕಾಗಿ. 1960ರ ದಶಕದಲ್ಲಿ ಅದೇ ಕತ್ತರಿ ಅಂದಕ್ಕಾಗಿ ಆಡತೊಡಗಿತು. ಮುಂದಿನ ಫೋರ್ಕ್ ಉದ್ದವಾಯಿತು, ಓರೆಯಾಯಿತು, ಹ್ಯಾಂಡಲ್ ಮೇಲೇರಿತು, ಟ್ಯಾಂಕ್ ಕಡಲೆಕಾಯಿಯಷ್ಟಾಯಿತು. ಅಂಥ ಸಣ್ಣ ಟ್ಯಾಂಕಿಗೆ ಆ ಕಡೆಯವರೂ ಕಡಲೆಕಾಯಿಯ ಹೆಸರನ್ನೇ ಇಟ್ಟಿದ್ದಾರೆ. ಅದರಲ್ಲಿ ಹಿಡಿಯುವುದು ಸುಮಾರು ಎಂಟು ಲೀಟರ್ ಪೆಟ್ರೋಲ್. ದೊಡ್ಡ ಎಂಜಿನ್‌ಗೆ ಅದು ಎಷ್ಟು ದೂರಕ್ಕೆ ಸಾಕು?

ನಿಮ್ಮ ಮನೆಯ ಸೈಕಲನ್ನೇ ನೋಡಿ. ಹ್ಯಾಂಡಲಿನ ಕೊಳವೆ ನೆಟ್ಟಗಿರುವುದಿಲ್ಲ, ಹಿಂದಕ್ಕೆ ತುಸು ವಾಲಿರುತ್ತದೆ. ಆ ಕೊಳವೆಯ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಟಯರ್ ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ಹೋಗಿ ತಾಗುತ್ತದೆ. ಎರಡರ ನಡುವಿನ ಆ ಕೆಲವು ಅಂಗುಲಗಳೇ ಗಾಡಿಯನ್ನು ನೇರ ಓಡಿಸುವುದು. ವಾಲುವಿಕೆ ಹೆಚ್ಚಾದಂತೆ ಈ ಅಂತರವೂ ಹೆಚ್ಚುತ್ತದೆ. ವೇಗದಲ್ಲಿ ಹೋಗುವಾಗ ಬೈಕು ಬಾಣದಂತೆ ನೇರವಾಗಿರುತ್ತದೆ. ಆದರೆ ನಿಧಾನವಾಗಿ ತಿರುಗಿಸಹೋದರೆ ಹ್ಯಾಂಡಲ್ ಭಾರವಾಗುತ್ತದೆ, ಮುಂದಿನ ಚಕ್ರ ತಾನಾಗಿ ಒಂದು ಬದಿಗೆ ಬೀಳಲು ನೋಡುತ್ತದೆ. ಸಾಧಾರಣ ಬೈಕಿನಲ್ಲಿ ಈ ವಾಲುವಿಕೆ ಮೂವತ್ತು ಡಿಗ್ರಿಯ ಆಸುಪಾಸು; ಚಾಪರ್‌ಗಳಲ್ಲಿ ನಲವತ್ತನ್ನೂ ದಾಟುತ್ತದೆ. ಉದ್ದದ ಲೆಕ್ಕ ತಪ್ಪಿದರೆ ಎಷ್ಟೇ ಚೆಂದದ ಬೈಕೂ ರಸ್ತೆಯಲ್ಲಿ ಅಪಾಯ.

ಲೆಕ್ಕ ಬಲ್ಲವರು ಕಟ್ಟಿದ ಚಾಪರ್ ಒಂದರ ಪ್ರತಿಕೃತಿ ಇಲ್ಲಿದೆ. 1969ರ ‘ಈಸಿ ರೈಡರ್’ ಸಿನಿಮಾದ ‘ಕ್ಯಾಪ್ಟನ್ ಅಮೇರಿಕ’. ಟ್ಯಾಂಕಿನ ಮೇಲೆ ಅಮೇರಿಕದ ಧ್ವಜ, ಆಕಾಶ ನೋಡುವ ಮುಂದಿನ ಫೋರ್ಕ್. ಜಗತ್ತಿನ ಅತಿ ಪ್ರಸಿದ್ಧ ಬೈಕು ಇದೇ ಎನ್ನುವವರಿದ್ದಾರೆ. ನಟ ಪೀಟರ್ ಫೋಂಡಾ ಇದನ್ನೇರಿ ನೂರಾರು ಮೈಲಿ ಸಾಗುವ ದೃಶ್ಯಗಳನ್ನು ಜನ ಇಂದಿಗೂ ನೆನೆಯುತ್ತಾರೆ. ಆದರೆ ಅದನ್ನು ಕಟ್ಟಿದವರ ಹೆಸರು ಆ ಸಿನಿಮಾದ ಪಟ್ಟಿಯಲ್ಲಿ ಇರಲಿಲ್ಲ. ಕಟ್ಟಿದವರು ಲಾಸ್ ಏಂಜಲೀಸ್‌ನ ಇಬ್ಬರು ಕರಿಯರು: ಕ್ಲಿಫರ್ಡ್ ವಾನ್ ಮತ್ತು ಬೆನ್ ಹಾರ್ಡಿ. ವಾನ್ ಕರಿಯರ ನಾಗರಿಕ ಹಕ್ಕುಗಳ ಹೋರಾಟದಲ್ಲಿ ದುಡಿದ ಛಾಯಾಗ್ರಾಹಕ. ಹಾರ್ಡಿ ಕರಿಯರ ಬಡಾವಣೆಯಲ್ಲಿ ಸ್ವಂತ ಗ್ಯಾರೇಜ್ ಇಟ್ಟುಕೊಂಡಿದ್ದ ಮೇಸ್ತ್ರಿ. ಹರಾಜಿನಲ್ಲಿ ಕೊಂಡ ಪೊಲೀಸರ ಹಳೆಯ ಬೈಕುಗಳಿಂದ ನಾಲ್ಕು ಬೈಕುಗಳನ್ನು ಅವರು ತಯಾರಿಸಿದರು, ಒಂದೊಂದು ಮಾದರಿಯದು ಎರಡೆರಡು. ಮೂರು ಕಳವಾದವು, ಒಂದು ಚಿತ್ರೀಕರಣದಲ್ಲೇ ನುಜ್ಜುಗುಜ್ಜಾಯಿತು. ಹಾರ್ಡಿ 1994ರಲ್ಲಿ, ವಾನ್ 2016ರಲ್ಲಿ ತೀರಿಕೊಂಡರು. ಅವರ ಹೆಸರುಗಳು ವ್ಯಾಪಕವಾಗಿ ಪ್ರಚಾರಕ್ಕೆ ಬರಲು ದಶಕಗಳೇ ಹಿಡಿದವು. ಸವಾರನ ಮುಖ ನೆನಪಿಟ್ಟುಕೊಂಡು ಕಮ್ಮಾರನ ಕೈ ಮರೆಯುವುದು ಎಲ್ಲ ದೇಶಗಳ ರೋಗವೇ ಇರಬೇಕು. ಇಲ್ಲಿ ಅದಕ್ಕೆ ಚರ್ಮದ ಬಣ್ಣವೂ ಸೇರಿಕೊಂಡಿತ್ತು.

ಆ ಬೈಕನ್ನು ಹತ್ತಿರದಿಂದ ನೋಡಿದರೆ ಎರಡು ವಿಷಯ ಗಮನಕ್ಕೆ ಬರುತ್ತವೆ. ಮುಂದಿನ ಚಕ್ರಕ್ಕೆ ಬ್ರೇಕೇ ಇಲ್ಲ. ಹಿಂದಿನ ಚಕ್ರಕ್ಕೆ ಶಾಕ್ ಅಬ್ಸಾರ್ಬರ್ ಇಲ್ಲ. ಚಕ್ರ ನೇರವಾಗಿ ಚೌಕಟ್ಟಿಗೇ ಬಿಗಿದಿದೆ. ರಸ್ತೆಯ ಪ್ರತಿ ಗುಂಡಿಯೂ ಸವಾರನ ಬೆನ್ನುಮೂಳೆಗೆ ತಲುಪುತ್ತದೆ. ತಮಾಷೆಯೆಂದರೆ ಹಾರ್ಲೆ ಕಂಪೆನಿ ತನ್ನ ದೊಡ್ಡ ಬೈಕುಗಳ ಹಿಂಬದಿಗೆ ಸ್ಪ್ರಿಂಗ್ ಕೊಟ್ಟದ್ದು 1958ರಲ್ಲೇ. ಹನ್ನೊಂದು ವರ್ಷಗಳ ಬಳಿಕವೂ ಚಾಪರ್ ಪ್ರಿಯರಿಗೆ ಹಳೆಯ ಚೌಕಟ್ಟೇ ಬೇಕಿತ್ತು. ಯಾಕೆಂದರೆ ಅದರಲ್ಲಿ ಹ್ಯಾಂಡಲಿನ ಕೆಳಗಿನಿಂದ ಹಿಂದಿನ ಚಕ್ರದ ನಡುವಿನವರೆಗೆ ಒಂದೇ ಗೆರೆ ಇಳಿದು ಬರುತ್ತದೆ. ಶಾಕ್ ಅಬ್ಸಾರ್ಬರ್ ಬಂದರೆ ಆ ಗೆರೆ ಮುರಿಯುತ್ತದೆ. ಒಂದು ಗೆರೆಗಾಗಿ ಬೆನ್ನು ಒಪ್ಪಿಸಿದ ಜನ!

ಈ ಬೆನ್ನಿಗೂ ಗೆರೆಗೂ ರಾಜಿ ಮಾಡಿಸಿದವರು ಸೇಂಟ್ ಲೂಯಿಸ್ ನಗರದ ಇಂಜಿನಿಯರ್ ಬಿಲ್ ಡೇವಿಸ್. ಹಳೆಯ ಚೌಕಟ್ಟಿನ ಅಂದವೂ ಬೇಕು, ಸ್ಪ್ರಿಂಗಿನ ಸುಖವೂ ಬೇಕು ಎಂದು 1970ರ ದಶಕದಲ್ಲಿ ಅವರು ತಮ್ಮದೇ ಬೈಕಿನ ಮೇಲೆ ಪ್ರಯೋಗ ಆರಂಭಿಸಿದರು. ಹಿಂದಿನ ತ್ರಿಕೋನವನ್ನೇ ಕೀಲಿನ ಮೇಲೆ ಮೇಲೆ ಕೆಳಗೆ ಆಡುವಂತೆ ಮಾಡಿ, ಸ್ಪ್ರಿಂಗುಗಳನ್ನು ಕಣ್ಣಿಗೆ ಬೀಳದಂತೆ ಅಡಗಿಸಿದರು. ಕಂಪೆನಿ ಅದರ ಹಕ್ಕು ಕೊಂಡು 1984ರ ಮಾದರಿಯಾಗಿ ತಂದದ್ದೇ ‘ಸಾಫ್ಟೇಲ್’. ಅದರಲ್ಲಿ ಸ್ಪ್ರಿಂಗುಗಳು ಗೇರ್‌ಬಾಕ್ಸಿನ ಅಡಿಯಲ್ಲಿ ಅಡ್ಡಡ್ಡ ಮಲಗಿದ್ದವು. ಸಾಮಾನ್ಯ ಶಾಕ್ ಅಬ್ಸಾರ್ಬರ್ ಗುಂಡಿ ಸಿಕ್ಕಾಗ ಕುಗ್ಗುತ್ತದೆ, ಇವು ಹಿಗ್ಗುತ್ತಿದ್ದವು. ನೋಡಿದವರಿಗೆ ಅಲ್ಲಿ ಸ್ಪ್ರಿಂಗೇ ಇಲ್ಲ, ಕುಳಿತವರಿಗೆ ಉಂಟು. ಇಡೀ ಮ್ಯೂಸಿಯಂನಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಕೈಚಳಕ ಇದೇ, ಕಿಂಗ್ ಕಾಂಗ್ ಅಲ್ಲ.

ಕಂಪೆನಿಯೂ ಈ ಕತ್ತರಿ ಕೆಲಸದವರಿಂದ ಕಲಿಯದೆ ಇರಲಿಲ್ಲ. ಸ್ಥಾಪಕರಲ್ಲೊಬ್ಬರ ಮೊಮ್ಮಗ ವಿಲ್ಲಿ ಜಿ. ಡೇವಿಡ್‌ಸನ್ ಅಲ್ಲಿ ವಿನ್ಯಾಸದ ಮುಖ್ಯಸ್ಥರಾಗಿದ್ದರು. ಚಾಪರ್ ಕಟ್ಟುವವರ ದಾರಿಯಲ್ಲೇ ಅವರು ಒಂದು ಮಾದರಿಯ ಚೌಕಟ್ಟಿಗೆ ಇನ್ನೊಂದು ಮಾದರಿಯ ಹಗುರ ಮುಂಭಾಗ ಜೋಡಿಸಿ 1971ರಲ್ಲಿ ‘ಸೂಪರ್ ಗ್ಲೈಡ್’ ತಂದರು. ದೋಣಿಯ ಹಿಂಬದಿಯಂತಿದ್ದ ಅದರ ಸೀಟು ಜನರಿಗೆ ಹಿಡಿಸಲಿಲ್ಲ, ಬೇಗನೆ ಬದಲಾಯಿತು. ಜೋಡಣೆಯ ಉಪಾಯ ಮಾತ್ರ ಉಳಿಯಿತು.

ನಮ್ಮಲ್ಲಾದರೋ ಈ ಆಟಕ್ಕೆ ಕಾನೂನಿನ ಬೇಲಿ ಬಿಗಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಬುಲೆಟ್‌ಗಳ ಸೈಲೆನ್ಸರ್ ಕಿತ್ತು ಓಣಿಯ ಹಸುಗೂಸುಗಳ ನಿದ್ದೆ ಕೆಡಿಸುವ ತರುಣರನ್ನು ಕಂಡವರಿಗೆ ಬೇಲಿ ಬೇಕೆಂದೇ ಅನಿಸುತ್ತದೆ. ಅದಕ್ಕೂ ಡೇವಿಸ್ ಮಾಡಿದ್ದಕ್ಕೂ ಸಂಬಂಧವಿಲ್ಲ.

ಇನ್ನೊಂದು ಕೋಣೆಯಲ್ಲಿ ಮೀನಿನಂತೆ ನುಣುಪಾದ ಕವಚ ತೊಟ್ಟ ಬೈಕು ನಿಂತಿತ್ತು. 1937ರಲ್ಲಿ ಜೋ ಪೆಟ್ರಾಲಿ ಎಂಬ ಸವಾರ ಫ್ಲಾರಿಡಾದ ಡೇಟೋನಾ ಕಡಲತೀರದಲ್ಲಿ ವೇಗದ ದಾಖಲೆ ಮಾಡಲು ತಂದದ್ದು. ಗಾಳಿಯನ್ನು ಸೀಳಿಕೊಂಡು ಹೋಗಲೆಂದೇ ಆ ಕವಚ. ಆದರೆ ವೇಗ ಏರುತ್ತಿದ್ದಂತೆ ಮುಂಭಾಗ ಹಗುರವಾಗಿ ಬೈಕು ಹತೋಟಿ ತಪ್ಪತೊಡಗಿತು. ಪೆಟ್ರಾಲಿ ಕವಚವನ್ನು ಬಿಚ್ಚಿಸಿ ಬದಿಗಿಟ್ಟರು, ಮಾರ್ಚ್ 13ರಂದು ಬರಿಮೈಯ ಬೈಕಿನಲ್ಲೇ ಹೋದರು: ಗಂಟೆಗೆ 136.183 ಮೈಲಿ, ಅಂದರೆ ಸುಮಾರು 219 ಕಿಲೋಮೀಟರ್. ಮ್ಯೂಸಿಯಂನಲ್ಲಿ ಕವಚ ಹಾಕಿಯೇ ನಿಲ್ಲಿಸಿದ್ದಾರೆ. ಹಾಗೆ ನಿಲ್ಲಿಸಿದರೆ ನೋಡಲು ಚೆಂದ, ನಿಜ. ದಾಖಲೆ ಮಾಡಿದ್ದು ಮಾತ್ರ ಆ ಚೆಂದವಲ್ಲ.

ಹರಳು ಅಂಟಿಸಿದ ಬೈಕಿನ ಬಳಿ ಹೆಂಗಸರ ಗುಂಪು ದೊಡ್ಡದಿತ್ತು. ಮುಂದಿನ ಚಕ್ರದಿಂದ ಬೆನ್ನೊರಗಿನವರೆಗೆ ಸಾವಿರಾರು ಸಣ್ಣ ಗಾಜಿನ ಹರಳುಗಳು. ನಮ್ಮ ಮದುವೆ ಸೀರೆಗಳಿಗೆ ಹರಳು ಹಚ್ಚುವವರು ನೋಡಿದರೆ ಕೂಲಿಯ ಲೆಕ್ಕ ಹಾಕುತ್ತಿದ್ದರು. ನಾನೂ ಹಾಕಿದೆ, ಅರ್ಧಕ್ಕೇ ಬಿಟ್ಟೆ.

ಕೆಲವು ಬೈಕುಗಳ ಮೇಲೆ ಕೂರಲು ಸಂದರ್ಶಕರಿಗೆ ಅವಕಾಶವಿದೆ. ಹುಡುಗ ಒಂದರ ಮೇಲೆ ಹತ್ತಿದ. ಕಾಲು ನೆಲಕ್ಕೆ ಎಟುಕಲಿಲ್ಲ, ಕೈ ಹ್ಯಾಂಡಲಿಗೆ ಎಟುಕಿತು. ಅಕ್ಕ ಫೋಟೋ ತೆಗೆದಳು. ಆಮೇಲೆ ನನ್ನನ್ನೂ ಕೂರಿಸಿದರು. ಸೀಟು ನಾನೆಣಿಸಿದ್ದಕ್ಕಿಂತ ತಗ್ಗಿನಲ್ಲಿತ್ತು, ಬೈಕನ್ನು ನೆಟ್ಟಗೆ ಮಾಡಲು ನೋಡಿದರೆ ಅಲುಗಲಿಲ್ಲ.

ಕೊನೆಗೆ ಕಂಡದ್ದು ಯಾವ ಮೇಸ್ತ್ರಿಯೂ ಅಲಂಕರಿಸದ ಬೈಕು. ಮೈತುಂಬ ತುಕ್ಕು, ಟಯರ್‌ಗಳ ಸುತ್ತ ಹಾಳಾದ ಲೋಹ. 2011ರ ಮಾರ್ಚ್ 11ರ ಸುನಾಮಿಯಲ್ಲಿ ಜಪಾನಿನ ಮಿಯಾಗಿ ಪ್ರಾಂತದಿಂದ ಕೊಚ್ಚಿಹೋಗಿ, ಟ್ರಕ್ಕಿನ ಪೆಟ್ಟಿಗೆಯೊಂದರೊಳಗೆ ಶಾಂತಸಾಗರವನ್ನು ದಾಟಿ, 2012ರ ಏಪ್ರಿಲ್‌ನಲ್ಲಿ ಕೆನಡಾದ ಗ್ರಹಾಂ ದ್ವೀಪದ ದಡದಲ್ಲಿ ಸಿಕ್ಕಿತು. ನಂಬರ್ ಪ್ಲೇಟಿನಿಂದ ಯಜಮಾನ ಪತ್ತೆಯಾದ. ಮನೆಯನ್ನೂ ಮನೆಯವರಲ್ಲಿ ಕೆಲವರನ್ನೂ ಆತ ಕಳೆದುಕೊಂಡಿದ್ದ. ಹೊಸದರಂತೆ ರಿಪೇರಿ ಮಾಡಿ ಕಳುಹಿಸಿಕೊಡುತ್ತೇವೆ ಎಂದು ಕಂಪೆನಿ ಹೇಳಿತು. ಆತ ಬೇಡವೆಂದ. ಸತ್ತವರ ನೆನಪಿಗಾಗಿ ಇದ್ದ ಹಾಗೆಯೇ ಮ್ಯೂಸಿಯಂನಲ್ಲಿ ಇಡಿ ಎಂದು ಕೇಳಿಕೊಂಡ. ಹಾಗಾಗಿ ಅದನ್ನು ತೊಳೆದಿಲ್ಲ, ತಿಕ್ಕಿಲ್ಲ. ಅದರ ಮುಂದೆ ನಿಂತಾಗ ಹುಡುಗ ಏನೂ ಕೇಳಲಿಲ್ಲ.