ಕೆಟ್ಟದ್ದಲ್ಲ ಎಂದರೆ ಒಳ್ಳೆಯದೇ?

ಇಂಗ್ಲಿಷಿನಲ್ಲಿ ‘ನಾಟ್ ಬ್ಯಾಡ್’ ಎಂಬ ಪುಟ್ಟ ಮಾತೊಂದಿದೆ. ಇರುವುದು ಎರಡೇ ಪದ. ಎರಡರಲ್ಲಿ ಒಂದೂ ಕಿವಿಗೆ ಹಿತವಲ್ಲ. ‘ನಾಟ್’ ಎಂದರೆ ಅಲ್ಲ. ‘ಬ್ಯಾಡ್’ ಎಂದರೆ ಕೆಟ್ಟದ್ದು. ಆದರೂ ಇವೆರಡು ಸೇರಿದರೆ ಮೆಚ್ಚುಗೆಯ ಮಾತಾಗುತ್ತದೆ! ಗಣಿತದಲ್ಲಿ ಋಣಸಂಖ್ಯೆಯನ್ನು ಋಣಸಂಖ್ಯೆಯಿಂದ ಗುಣಿಸಿದರೆ ಧನಸಂಖ್ಯೆ ಬರುತ್ತದಲ್ಲ, ಹಾಗೆ. ಆದರೆ ಗಣಿತದ ಉತ್ತರ ಯಾರು ಹೇಳಿದರೂ ಒಂದೇ. ಈ ಮಾತಿನ ಅರ್ಥ ಹಾಗಲ್ಲ.

‘ಹೇಗಿದ್ದೀರಿ?’ ಎಂದು ಕೇಳಿದಾಗ ‘ನಾಟ್ ಬ್ಯಾಡ್’ ಎಂದರೆ, ಹೀಗೇ ದಿನ ಸಾಗುತ್ತಿದೆ ಎಂದರ್ಥ. ಹೊಸ ತಿಂಡಿಯೊಂದನ್ನು ಬಾಯಿಗಿಟ್ಟು, ಹುಬ್ಬೇರಿಸಿ ಅದೇ ಮಾತು ಹೇಳಿದರೆ, ಇಷ್ಟು ರುಚಿಯಿರಬಹುದೆಂದು ಎಣಿಸಿರಲಿಲ್ಲ ಎಂದರ್ಥ. ‘ನಾಟ್ ಹಾಫ್ ಬ್ಯಾಡ್’ ಎಂಬುದು ಇನ್ನೂ ವಿಚಿತ್ರ. ಅರ್ಧ ಕೆಟ್ಟಿಲ್ಲವಾದರೆ ಪೂರ್ತಿ ಕೆಟ್ಟಿತೇ ಎಂದು ನಾವು ಗಾಬರಿಯಾಗಬೇಕು. ಆದರೆ ಅದರ ಅರ್ಥ, ಸಾಕಷ್ಟು ಚೆನ್ನಾಗಿದೆ ಎಂದು! ಮನಸ್ಸಿನಲ್ಲಿರುವುದಕ್ಕಿಂತ ಕಡಿಮೆ ಹೇಳುವುದು ಇಂಗ್ಲಿಷರಿಗೆ ಇಷ್ಟವಾದ ರೀತಿ.

ಕಾಸರಗೋಡಿನ ನಮಗೆ ಈ ರೀತಿ ಹೊಸದೇನಲ್ಲ. ಕನ್ನಡದಲ್ಲಿ ‘ಪರವಾಗಿಲ್ಲ’ ಎನ್ನುತ್ತೇವೆ, ‘ಅಡ್ಡಿಯಿಲ್ಲ’ ಎನ್ನುತ್ತೇವೆ. ತುಳುವಿನಲ್ಲಿ ‘ಅಡ್ಡಿ ಇಜ್ಜಿ’, ಮಲಯಾಳದಲ್ಲಿ ‘ಕುಳಪ್ಪಮಿಲ್ಲ’. ಎಲ್ಲವೂ ‘ಇಲ್ಲ’ ಎನ್ನುತ್ತಲೇ ಒಪ್ಪಿಗೆ ಸೂಚಿಸುವ ಮಾತುಗಳು. ‘ಪರವಾಗಿಲ್ಲ’ ಎಂಬುದರಲ್ಲಿರುವ ‘ಪರವಾ’ ಪಾರಸಿ ಭಾಷೆಯಿಂದ ಬಂದದ್ದು. ಚಿಂತೆ ಎಂದು ಅದರ ಅರ್ಥ. ಚಿಂತೆ ಇಲ್ಲ ಎಂದದ್ದೇ ನಮ್ಮಲ್ಲಿ ಮೆಚ್ಚುಗೆಯೂ ಆಯಿತು.

ನನ್ನ ತಂದೆಯವರ ಬಾಯಲ್ಲಿ ‘ಬಹಳ ಚೆನ್ನಾಗಿದೆ’ ಎಂಬ ಮಾತನ್ನು ನಾನು ಕೇಳಿಯೇ ಇಲ್ಲ. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳಗ್ಗೆ ಮನೆಗೆ ಬಂದರೆ ಅಮ್ಮ ಕೇಳುತ್ತಿದ್ದರು, “ಆಟ ಹೇಗಿತ್ತು?” “ಅಡ್ಡಿಯಿಲ್ಲ.” ಅಷ್ಟೇ ಉತ್ತರ. ಆದರೆ ‘ಅಡ್ಡಿ’ ಎಂಬುದನ್ನು ಎಳೆದು, ತಲೆಯಾಡಿಸಿ ಹೇಳಿದರೆ ಆಟ ರಂಗೇರಿತ್ತು ಎಂದು ಅಮ್ಮನಿಗೆ ತಿಳಿಯುತ್ತಿತ್ತು. ಚುಟುಕಾಗಿ ಹೇಳಿ ಬಚ್ಚಲಿಗೆ ನಡೆದರೆ ನಿದ್ದೆಗೆಟ್ಟದ್ದೇ ಲಾಭ! ನನ್ನ ಅಂಕಪಟ್ಟಿಗೂ ಅದೇ ‘ಅಡ್ಡಿಯಿಲ್ಲ’. ಆದರೆ ಆ ದಿನ ಸಂಜೆ ಪೇಟೆಯಿಂದ ಬರುವಾಗ ಅವರ ಚೀಲದಲ್ಲಿ ಜಿಲೇಬಿಯ ಕಟ್ಟು ಇರುತ್ತಿತ್ತು. ಮಾತು ಉಳಿಸಿದ್ದನ್ನು ಜಿಲೇಬಿ ಹೇಳುತ್ತಿತ್ತು.

ಮುಂದೆ ನಾನೂ ಅಧ್ಯಾಪಕನಾದೆ. ಒಂದು ದಿನ ನೆರೆಮನೆಯ ಹುಡುಗಿ ತನ್ನ ಇಂಗ್ಲಿಷ್ ಪುಸ್ತಕ ಹಿಡಿದು ಅಳುತ್ತ ಬಂದಳು. ತನ್ನ ಅಜ್ಜಿಯ ಬಗ್ಗೆ ಅವಳು ಬರೆದ ಪ್ರಬಂಧದ ಕೆಳಗೆ ಕೆಂಪು ಶಾಯಿಯಲ್ಲಿ ‘ನಾಟ್ ಬ್ಯಾಡ್’ ಎಂದಿತ್ತು. “ಮಾಷ್ಟ್ರೇ, ನನ್ನ ಅಜ್ಜಿಯ ಬಗ್ಗೆ ಬರೆದದ್ದು ಕೆಟ್ಟದಾಗಿದೆಯಾ?” ಎಂದು ಕೇಳಿದಳು. ಓದಿ ನೋಡಿದೆ; ಚೆನ್ನಾಗಿಯೇ ಇತ್ತು. ಬರೆದವರೂ ಮೆಚ್ಚಿಯೇ ಬರೆದಿರಬೇಕು. ಆದರೆ ಮಗುವಿನ ಕಣ್ಣಿಗೆ ‘ಬ್ಯಾಡ್’ ಮಾತ್ರ ಬಿದ್ದಿತ್ತು. ಕೆಂಪು ಶಾಯಿಗೆ ಸ್ವರವಿಲ್ಲ, ಹುಬ್ಬಿಲ್ಲ. ಅದರ ಬೆನ್ನಿಗೆ ಜಿಲೇಬಿಯೂ ಬರುವುದಿಲ್ಲ.

ಇಂಥ ಮಾತುಗಳ ಅರ್ಥ ಪದಕೋಶದಲ್ಲಿ ಅರ್ಧ, ಹೇಳುವವರ ಮುಖದಲ್ಲಿ ಅರ್ಧ. ಒಬ್ಬರನ್ನೊಬ್ಬರು ಬಲ್ಲವರ ನಡುವೆ ಅವು ಚೆಂದ. ಭಾಷೆಯನ್ನು ಈಗಷ್ಟೇ ಕಲಿಯುತ್ತಿರುವವರಿಗೆ ಒಳ್ಳೆಯದನ್ನು ಒಳ್ಳೆಯದೆಂದೇ ಹೇಳಬೇಕು. ಅದಕ್ಕೇ ನಾನು ಮಕ್ಕಳ ಪುಸ್ತಕದಲ್ಲಿ ‘ಚೆನ್ನಾಗಿದೆ’ ಎಂದು ಬರೆದು, ಏನು ಚೆನ್ನಾಗಿದೆ ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸುತ್ತೇನೆ. ‘ಅಡ್ಡಿಯಿಲ್ಲ’ವನ್ನು ಬಾಯಿಮಾತಿಗೆ ಇಟ್ಟುಕೊಂಡಿದ್ದೇನೆ.