ಅಜ್ಜಿಯ ಕ್ಷಮಾವಣಿ

ದಶಲಕ್ಷಣ ಧರ್ಮಗಳಲ್ಲಿ ಉತ್ತಮ ಕ್ಷಮೆಗೆ ಮೊದಲ ಸ್ಥಾನ. ಪರ್ವ ಮುಗಿದ ಮೇಲೆ ಬರುವ ಕ್ಷಮಾವಣಿಯಂದು ಬಸದಿಯಲ್ಲಿ ಬಂಧುಮಿತ್ರರು ಪರಸ್ಪರ ಕ್ಷಮೆ ಯಾಚಿಸುವುದು ಶ್ರಾವಕರ ಸಂಪ್ರದಾಯ. ಆದರೆ ಯಾರೊಡನೆ ಮನಸ್ಸು ನಿಜವಾಗಿ ಕಹಿಯಾಗಿದೆಯೋ ಅವರ ಮನೆಯ ಕಡೆಗೆ ಕಾಲು ಏಳುವುದು ವಿರಳ. ಕಾರ್ಕಳ ಸೀಮೆಯ ಒಂದು ಜೈನ ಮನೆತನದ ಹಿರಿಯಜ್ಜಿಯನ್ನು ಮಕ್ಕಳು, ಮೊಮ್ಮಕ್ಕಳು ಇಂದಿಗೂ ನೆನೆಯುವುದು ಅಂಥದೊಂದು ನಡೆಗಾಗಿ.

ಚಿಕ್ಕ ಹರೆಯದಲ್ಲೇ ಸೊಸೆಯಾಗಿ ಬಂದ ಆಕೆಯ ದಿನಚರಿ ಸರಳವಾದುದು. ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಮರಳಿ ಬಾವಿಗೇ ಬಿಡುತ್ತಿದ್ದರು. ಸೂರ್ಯಾಸ್ತಕ್ಕೆ ಮೊದಲು ಮನೆಮಂದಿಯ ಊಟ ಮುಗಿಯುತ್ತಿತ್ತು. ಗೇಣಿಯ ಅಕ್ಕಿಮುಡಿ ಹೊತ್ತು ತಂದ ಒಕ್ಕಲನ್ನು ಉಣಬಡಿಸದೆ ಕಳುಹಿಸಿದವರಲ್ಲ.

1974ರ ಮಾರ್ಚ್ 1ರಂದು ಕರ್ನಾಟಕದ ಭೂಸುಧಾರಣಾ ಕಾಯಿದೆಯ ತಿದ್ದುಪಡಿ ಜಾರಿಗೆ ಬಂದಿತು. ಗೇಣಿಯ ಭೂಮಿ ಸರಕಾರಕ್ಕೆ ಸೇರಿ, ಉಳುವವನಿಗೆ ಒಡೆತನ ದೊರೆಯುವಂತಾಯಿತು. ತಲೆಮಾರುಗಳಿಂದ ಗದ್ದೆ ಮಾಡುತ್ತಿದ್ದ ಒಕ್ಕಲೂ ಅರ್ಜಿ ಸಲ್ಲಿಸಿದ. ಯಜಮಾನರಿಗೆ ಅದು ದ್ರೋಹವೆನಿಸಿತು. ಅವನೊಡನೆ ಮಾತು ಬಿಟ್ಟರು.

ಮುಂದಿನ ಕ್ಷಮಾವಣಿಯಂದು ಬಸದಿಯಿಂದ ಮರಳಿದ ಆಕೆ, ಒಕ್ಕಲಿನ ಮನೆಗೆ ಹೋಗಿಬರುವುದಾಗಿ ಪತಿಗೆ ತಿಳಿಸಿದರು.

"ತಪ್ಪು ಮಾಡಿದವನು ಅವನು. ಕ್ಷಮೆ ಕೇಳುವವಳು ನೀನೋ?" ಎಂದು ಅವರು ಸಿಡಿದರು.

ಆಕೆ ದನಿ ಏರಿಸಲಿಲ್ಲ. "ನೆರೆಗೆ ಬೆಳೆ ಹೋದ ವರ್ಷವೂ ಗೇಣಿ ಅಳೆಸಿಕೊಂಡೆವು. ಚಾವಡಿಯಲ್ಲಿ ಅವನಿಗೆ ಬಡಿಸಿದೆ; ಮನೆಯಲ್ಲಿ ಅವನ ಮಕ್ಕಳು ಉಂಡರೋ ಎಂದು ಕೇಳಲಿಲ್ಲ. ಹೋದ ಗದ್ದೆಯ ಲೆಕ್ಕ ನಿಮ್ಮಲ್ಲಿರಲಿ. ಈ ಲೆಕ್ಕ ನನ್ನದು" ಎಂದರು.

ಗದ್ದೆಯ ಅಂಚಿನಲ್ಲಿ ಒಬ್ಬರೇ ನಡೆದು ಹೋಗಿ, ಒಕ್ಕಲಿನ ಅಂಗಳದಲ್ಲಿ ಕೈಮುಗಿದು ನಿಂತರು. "ಅಮ್ಮಾ, ನೀವು ಇಲ್ಲಿಗೆ ಬರುವುದೇ!" ಎಂದು ಆತ ಕಂಗಾಲಾದ. ಅವನ ಹೆಂಡತಿ ಚಾಪೆ ಹಾಸಿದಳು.

ಗದ್ದೆ ಮರಳಲಿಲ್ಲ, ಅದನ್ನು ಕೇಳಲು ಆಕೆ ಹೋಗಿರಲೂ ಇಲ್ಲ. ಯಜಮಾನರು ಕೊನೆಯವರೆಗೂ ಆ ಅಂಗಳ ಮೆಟ್ಟಲಿಲ್ಲ. ಆದರೆ ಅವರು ಹಾಸಿಗೆ ಹಿಡಿದಾಗ ರಾತ್ರಿಯೆಲ್ಲ ಬಳಿಯಲ್ಲಿ ಕುಳಿತವನು ಅದೇ ಒಕ್ಕಲು. ಒಂದು ಮುಂಜಾನೆ ಯಜಮಾನರು ಅವನ ಕೈಯಿಂದ ನೀರು ಕುಡಿದರು. ಮಾತು ಹೆಚ್ಚೇನೂ ಆಗಲಿಲ್ಲ.

ಅಜ್ಜಿ ಕಾಲವಾಗಿ ವರ್ಷಗಳು ಸಂದಿವೆ. ಪರವೂರುಗಳಲ್ಲಿ ನೆಲೆಸಿದ ಮೊಮ್ಮಕ್ಕಳು ಕ್ಷಮಾವಣಿಯಂದು ಬಂಧುಗಳಿಗೆ ದೂರವಾಣಿ ಮಾಡುವ ಮೊದಲು, ಮಾತು ಬಿಟ್ಟವರೊಬ್ಬರನ್ನು ನೆನೆದು ಅವರಿಗೆ ಮೊದಲ ಕರೆ ಮಾಡುತ್ತಾರೆ. ಅದು ಪ್ರತಿ ಸಲವೂ ಸುಲಭವಲ್ಲವೆಂದು ಅವರೇ ಒಪ್ಪುತ್ತಾರೆ. ಅಜ್ಜಿಯ ಕಾಲಿಗೂ ಅಂದು ಆ ಗದ್ದೆಯ ಅಂಚು ದೂರವೇ ಆಗಿದ್ದೀತು.