ಏಣಿಯ ಲಾಂಛನದ ಮನೆತನ

ನನ್ನ ತರಗತಿಯಲ್ಲಿ ಇತಿಹಾಸ ಓದಿದವರಿಗೆ ಒಂದು ಪ್ರಶ್ನೆ ನೆನಪಿರಲೇಬೇಕು: 'ಈ ರಾಜವಂಶದ ಪತನಕ್ಕೆ ಕಾರಣಗಳನ್ನು ತಿಳಿಸಿರಿ.' ವಂಶ ಯಾವುದೇ ಇರಲಿ, ನಾನು ಬರೆಸುತ್ತಿದ್ದ ಟಿಪ್ಪಣಿಯ ಮೊದಲ ಅಂಶ ಒಂದೇ: 'ಅಸಮರ್ಥ ಉತ್ತರಾಧಿಕಾರಿಗಳು'. ಅಷ್ಟು ಬರೆದವರಿಗೆಲ್ಲ ಒಂದು ಅಂಕ ಖಾತ್ರಿ. 34 ವರ್ಷ ಆ ಅಂಕವನ್ನು ಧಾರಾಳವಾಗಿ ಹಂಚಿದ ನಾನು, ಅದು ಅಷ್ಟು ಅಗ್ಗವಾಗಿ ಕೊಡತಕ್ಕದ್ದಾಗಿರಲಿಲ್ಲ ಎಂಬುದನ್ನು ಅರಿತದ್ದು ನಿವೃತ್ತನಾದ ಮೇಲೆ, ಇಟಲಿಯ ಒಂದು ಊರಿನಲ್ಲಿ, ಒಂದು ಕಬ್ಬಿಣದ ಬೇಲಿಯ ಮುಂದೆ ನಿಂತಾಗ.

ಹೋದ ವರ್ಷ ನಾವಿಬ್ಬರೂ ಮ್ಯೂನಿಕ್‌ನಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಅಲ್ಲಿಂದ ಹೊರಟ ರೈಲು ಆಲ್ಪ್ಸ್ ಪರ್ವತಗಳನ್ನು ದಾಟಿ ನೇರವಾಗಿ ವೆರೋನಾ ನಗರಕ್ಕೆ ಬರುತ್ತದೆ. ರೋಮಿಯೋ ಜೂಲಿಯೆಟ್ಟರ ಊರು ಅದು. ಎಲ್ಲರಂತೆ ನಾವೂ ಜೂಲಿಯೆಟ್ಟಳ ಮನೆಯೆಂದು ತೋರಿಸುವ ಕಟ್ಟಡವನ್ನು ನೋಡಿ ಬಂದೆವು. ಅಲ್ಲಿಂದ ಸ್ವಲ್ಪ ದೂರ ನಡೆದರೆ ಸಾಂತಾ ಮರಿಯಾ ಆಂತಿಕಾ ಎಂಬ ಪುಟ್ಟ ಚರ್ಚು ಸಿಗುತ್ತದೆ. ಅದರ ಪಕ್ಕದಲ್ಲಿ ಕಲ್ಲಿನ ಮಂಟಪಗಳು, ಮಂಟಪಗಳ ತುದಿಯಲ್ಲಿ ಕುದುರೆಯೇರಿದ ವೀರರು. ಅವೆಲ್ಲ ಸಮಾಧಿಗಳು. ಸುತ್ತಲೂ ಹದಿನಾಲ್ಕನೆಯ ಶತಮಾನದ ಕಬ್ಬಿಣದ ಜಾಲರಿ. ಹತ್ತು ವರ್ಷದ ಮೊಮ್ಮಗಳು ಅದರ ಮುಂದೆ ನಿಂತು, "ಅಜ್ಜ, ಈ ಬೇಲಿಯಲ್ಲೆಲ್ಲ ಏಣಿ ಯಾಕೆ ಮಾಡಿದ್ದಾರೆ?" ಎಂದಳು. ದಿಟ್ಟಿಸಿ ನೋಡಿದೆ. ಜಾಲರಿಯ ಒಂದೊಂದು ಹೂವಿನೊಳಗೂ ಒಂದು ಪುಟ್ಟ ಏಣಿ.

ಆ ಸಮಾಧಿಗಳು ಡೆಲ್ಲಾ ಸ್ಕಾಲಾ ಮನೆತನದವು. ಇಟಾಲಿಯನ್ ಭಾಷೆಯಲ್ಲಿ 'ಸ್ಕಾಲಾ' ಎಂದರೆ ಏಣಿ. ಷೇಕ್ಸ್‌ಪಿಯರನ ನಾಟಕದಲ್ಲಿ ಎರಡು ಮನೆಗಳ ಜಗಳ ಬಿಡಿಸಲು ಬರುವ ವೆರೋನಾದ ದೊರೆ ಎಸ್ಕೇಲಸ್‌ನ ಹೆಸರು ಈ ಮನೆತನದ ಹೆಸರೇ. ಅಂದು ಮೊಮ್ಮಗಳಿಗೆ ಅರ್ಧ ಉತ್ತರವನ್ನಷ್ಟೇ ಹೇಳಿದೆ. ಉಳಿದರ್ಧಕ್ಕಾಗಿ ಮನೆಗೆ ಬಂದು ಹಲವು ತಿಂಗಳು ಓದಬೇಕಾಯಿತು.

ಹದಿಮೂರನೆಯ ಶತಮಾನದ ಉತ್ತರ ಇಟಲಿಯಲ್ಲಿ ಒಂದೊಂದು ನಗರವೂ ಒಂದೊಂದು ರಾಜ್ಯ. ವೆರೋನಾವನ್ನು ಆಳುತ್ತಿದ್ದ ಕ್ರೂರಿ ಎಜ್ಜೆಲೀನೊ 1259ರಲ್ಲಿ ಸತ್ತ ಮೇಲೆ ನಗರದವರು ಮಸ್ತೀನೊ ಡೆಲ್ಲಾ ಸ್ಕಾಲಾ ಎಂಬವನನ್ನು ಮುಂದೆ ತಂದರು. 1262ರಲ್ಲಿ ಆತ 'ಜನರ ನಾಯಕ'ನಾದ. 1277ರಲ್ಲಿ ವಿರೋಧಿಗಳು ಅವನನ್ನು ಕೊಂದರು. ಮನೆತನದ ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಮುಗಿಯದಂತೆ ನೋಡಿಕೊಂಡವನು ಅವನ ಸಹೋದರ ಆಲ್ಬೆರ್ತೊ. ಅಧಿಕಾರವನ್ನು ಕೈಗೆ ತೆಗೆದುಕೊಂಡು 1301ರವರೆಗೆ, ಇಪ್ಪತ್ತನಾಲ್ಕು ವರ್ಷ, ನಗರವನ್ನು ಆಳಿದ.

ಆಲ್ಬೆರ್ತೊನಿಗೆ ಮೂವರು ಔರಸ ಪುತ್ರರು: ಬಾರ್ತೊಲೊಮಿಯೊ, ಆಲ್ಬೊಯಿನೊ, ಕಾನ್‌ಗ್ರಾಂದೆ. ಹಿರಿಯನು 1304ರಲ್ಲಿ ತೀರಿಕೊಂಡ. ನಡುವಿನವನು ಆಳುತ್ತಿರುವಾಗಲೇ, 1308ರಲ್ಲಿ, ಇನ್ನೂ ಹದಿನೇಳರ ಹರೆಯದ ಕಿರಿಯ ತಮ್ಮನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ. 1311ರಲ್ಲಿ ಚಕ್ರವರ್ತಿ ಏಳನೆಯ ಹೆನ್ರಿ ಅಣ್ಣತಮ್ಮಂದಿರಿಬ್ಬರನ್ನೂ ಒಟ್ಟಿಗೇ ತನ್ನ ಪ್ರತಿನಿಧಿಗಳನ್ನಾಗಿ ನೇಮಿಸಿದ. ಅದೇ ವರ್ಷ ಆಲ್ಬೊಯಿನೊ ತೀರಿಕೊಂಡ. ಆಮೇಲಿನ ಹದಿನೆಂಟು ವರ್ಷ ಕಾನ್‌ಗ್ರಾಂದೆಯದು. ಹೆಸರಿನ ಅರ್ಥ 'ಮಹಾಶ್ವಾನ'. ಅವನ ಸಮಾಧಿಯನ್ನು ಹೊತ್ತು ನಿಂತಿರುವುವೂ ಏಣಿಯ ಗುರಾಣಿ ಹಿಡಿದ ಕಲ್ಲಿನ ನಾಯಿಗಳೇ.

ಫ್ಲಾರೆನ್ಸಿನಿಂದ 1302ರಲ್ಲಿ ಗಡೀಪಾರಾದ ಕವಿ ಡಾಂಟೆಗೆ ಆಶ್ರಯ ಕೊಟ್ಟದ್ದು ಈ ಮನೆ. ಅವನ ಮಹಾಕಾವ್ಯದ 'ಪ್ಯಾರಡೈಸೊ' ಭಾಗದ 17ನೆಯ ಸರ್ಗದಲ್ಲಿ ಕಾನ್‌ಗ್ರಾಂದೆಯ ಪ್ರಶಂಸೆಯಿದೆ. ವಿಚೆನ್ಸಾ, ಪಾದುವಾ ನಗರಗಳನ್ನು ಗೆದ್ದ ಈ ವೀರ 1329ರ ಜುಲೈ ತಿಂಗಳಲ್ಲಿ ತ್ರೆವೀಜೊ ನಗರವನ್ನೂ ಪ್ರವೇಶಿಸಿದ. ನಾಲ್ಕೇ ದಿನಗಳಲ್ಲಿ, ಜುಲೈ 22ರಂದು, ಅಲ್ಲಿಯೇ ಸತ್ತ. ವಯಸ್ಸು 38. ಅವನ ಶವವನ್ನು 2004ರಲ್ಲಿ ಹೊರತೆಗೆದು ಪರೀಕ್ಷಿಸಿದಾಗ ಡಿಜಿಟಾಲಿಸ್ ಎಂಬ ಗಿಡದ ವಿಷ ಪತ್ತೆಯಾಯಿತೆಂದು 2015ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಸಮಾಧಿಯ ಮೇಲಿದ್ದ ಅವನ ಮೂಲ ಪ್ರತಿಮೆ ಈಗ ವಸ್ತುಸಂಗ್ರಹಾಲಯದಲ್ಲಿದೆ. ಕುದುರೆಯ ಮೇಲೆ ಕುಳಿತು ಬಾಯಿತುಂಬ ನಗುತ್ತಾನೆ. ಸಮಾಧಿಗಾಗಿ ಮಾಡಿದ ಶಿಲ್ಪವೊಂದು ಹೀಗೆ ನಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅವನಿಗೆ ಔರಸ ಪುತ್ರರಿರಲಿಲ್ಲ. ಆಲ್ಬೊಯಿನೊನ ಮಕ್ಕಳಾದ ಎರಡನೆಯ ಮಸ್ತೀನೊ ಮತ್ತು ಎರಡನೆಯ ಆಲ್ಬೆರ್ತೊ ಜೊತೆಯಾಗಿ ಪಟ್ಟಕ್ಕೆ ಬಂದರು. 1335ರ ವೇಳೆಗೆ ಬ್ರೆಷಾ, ಪಾರ್ಮಾ, ಲುಕ್ಕಾ ಸೇರಿ ಒಂಬತ್ತು ನಗರಗಳು ಅವರ ಕೈಯಲ್ಲಿದ್ದವು. ಏಣಿಯ ತುದಿ ಅದು. ಪೋ ನದಿಯ ಸುಂಕ ಮತ್ತು ಉಪ್ಪಿನ ವ್ಯಾಪಾರದ ವಿಷಯದಲ್ಲಿ ವೆನಿಸ್ ನಗರವನ್ನು ಕೆಣಕಿದರು. ಲುಕ್ಕಾ ಹಿಡಿದು ಫ್ಲಾರೆನ್ಸನ್ನು ಕೆರಳಿಸಿದರು. 1336ರಲ್ಲಿ ಆ ಎರಡು ಗಣರಾಜ್ಯಗಳು ಒಂದಾದವು. ಮರುವರ್ಷ ಪಾದುವಾ ಕೈತಪ್ಪಿತು, ಆಲ್ಬೆರ್ತೊ ಸೆರೆಸಿಕ್ಕ. 1339ರಲ್ಲಿ ಸಂಧಿಯಾಯಿತು. 1341ರ ಹೊತ್ತಿಗೆ ಒಂಬತ್ತರಲ್ಲಿ ಉಳಿದದ್ದು ಎರಡೇ: ವೆರೋನಾ ಮತ್ತು ವಿಚೆನ್ಸಾ.

'ಅತಿಯಾದ ವಿಸ್ತರಣೆ' ಎಂದು ನಾನು ಎರಡನೆಯ ಅಂಶವಾಗಿ ಬರೆಸುತ್ತಿದ್ದುದು ಇದನ್ನೇ. ಆದರೆ ಗಮನಿಸಿ, ಮನೆತನ ಅಲ್ಲಿಗೆ ಮುಗಿಯಲಿಲ್ಲ. ಎರಡು ನಗರಗಳೊಡನೆ ಇನ್ನೂ ಸುಮಾರು ಅರ್ಧ ಶತಮಾನ ಬಾಳಿತು. ಅದನ್ನು ಮುಗಿಸಿದ್ದು ಬೇರೆ.

ಎರಡನೆಯ ಮಸ್ತೀನೊನ ಮಗ ಎರಡನೆಯ ಕಾನ್‌ಗ್ರಾಂದೆ. 1354ರಲ್ಲಿ ಅವನು ಊರಲ್ಲಿಲ್ಲದ ಸಮಯ ನೋಡಿ ದಾಸೀಪುತ್ರನಾದ ಸಹೋದರನೊಬ್ಬ ದಂಗೆಯೆದ್ದ. ದಂಗೆ ಅಡಗಿತು, ಭಯ ಅಡಗಲಿಲ್ಲ. ಆದಿಜೆ ನದಿಯ ದಡದಲ್ಲಿ ದೊಡ್ಡ ಕೋಟೆ ಕಟ್ಟಿಸಿದ. ಊರವರೇ ತಿರುಗಿಬಿದ್ದರೆ ಉತ್ತರ ದಿಕ್ಕಿಗೆ ಪಾರಾಗಲೆಂದು ಕೋಟೆಯಿಂದಲೇ ಹೊಳೆಯಾಚೆಗೆ ಒಂದು ಭದ್ರವಾದ ಸೇತುವೆಯನ್ನೂ ಕಟ್ಟಿಸಿದ. ನಾವು ಆ ಸೇತುವೆಯ ಮೇಲೆ ನಡೆದೆವು. 1945ರ ಏಪ್ರಿಲ್‌ನಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯ ಅದನ್ನು ಸಿಡಿಸಿತ್ತು. ಯುದ್ಧಾನಂತರ ಮತ್ತೆ ಮೊದಲಿನಂತೆಯೇ ಕಟ್ಟಿದ್ದಾರೆ. ಕಟ್ಟಿಸಿದವನಿಗೆ ಮಾತ್ರ ಅದು ಉಪಯೋಗಕ್ಕೆ ಬರಲಿಲ್ಲ. 1359ರ ಡಿಸೆಂಬರ್‌ನಲ್ಲಿ ಅವನನ್ನು ಕೊಂದವನು ಕೋಟೆಯ ಹೊರಗಿನ ಶತ್ರುವಲ್ಲ, ಒಡಹುಟ್ಟಿದ ತಮ್ಮ ಕಾನ್‌ಸಿನ್ಯೋರಿಯೊ.

ಈ ಕಾನ್‌ಸಿನ್ಯೋರಿಯೊ ಮೊದಲು ಇನ್ನೊಬ್ಬ ತಮ್ಮ ಪಾವೊಲೊ ಆಲ್ಬೊಯಿನೊನ ಜೊತೆ ಆಳಿದ. ಅನಂತರ ಅವನನ್ನು ಸೆರೆಮನೆಗೆ ತಳ್ಳಿದ. 1375ರಲ್ಲಿ ತನಗೆ ಸಾವು ಸಮೀಪಿಸಿದಾಗ, ತನ್ನ ಮಕ್ಕಳಿಗೆ ಅಡ್ಡಿಯಾಗದಿರಲೆಂದು ಸೆರೆಯಲ್ಲಿದ್ದ ತಮ್ಮನನ್ನು ಕೊಲ್ಲಿಸಿ ಕಣ್ಣುಮುಚ್ಚಿದ. ಚರ್ಚಿನ ಪಕ್ಕದಲ್ಲಿರುವ ಅತ್ಯಂತ ಅಲಂಕೃತ ಸಮಾಧಿ ಅವನದೇ. ಯಾರಿಗಾಗಿ ತಮ್ಮನನ್ನು ಕೊಲ್ಲಿಸಿದನೋ ಆ ಇಬ್ಬರು ಮಕ್ಕಳು ಏನು ಮಾಡಿದರು? 1381ರಲ್ಲಿ ಆಂತೋನಿಯೊ ತನ್ನ ಸಹೋದರ ಬಾರ್ತೊಲೊಮಿಯೊನನ್ನು ಕೊಲ್ಲಿಸಿದ. ಹೆಗಲಿಗೆ ಹೆಗಲು ಕೊಡಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. 1387ರ ಮಾರ್ಚ್‌ನಲ್ಲಿ ಕಾಸ್ತಾನ್ಯಾರೊ ಎಂಬಲ್ಲಿ ಪಾದುವಾದ ಸೈನ್ಯದೆದುರು ಸೋತ. ಅದೇ ಅಕ್ಟೋಬರ್‌ನಲ್ಲಿ ಮಿಲಾನಿನ ದೊರೆ ಜಾನ್ ಗಲೆಯಾತ್ಸೊ ವಿಸ್ಕೊಂತಿ ವೆರೋನಾವನ್ನು ವಶಪಡಿಸಿಕೊಂಡ. ಓಡಿಹೋದ ಆಂತೋನಿಯೊ ಮರುವರ್ಷ ಸತ್ತ. 125 ವರ್ಷಗಳ ಆಳ್ವಿಕೆ ಹೀಗೆ ಮುಗಿಯಿತು. ಆ ವಿಸ್ಕೊಂತಿಯೂ ಪರಕೀಯನಲ್ಲ. ಎರಡನೆಯ ಮಸ್ತೀನೊನ ಮಗಳು ರೆಜೀನಾಳ ಅಳಿಯ! ಮಿಲಾನಿನಲ್ಲಿ ರೆಜೀನಾ ಕಟ್ಟಿಸಿದ ಚರ್ಚಿಗೆ ಅವಳ ತವರಿನ ಹೆಸರು ಬಂತು. ಆ ಚರ್ಚು ಇದ್ದ ಜಾಗದಲ್ಲಿ 1778ರಲ್ಲಿ ತೆರೆದ ಸಂಗೀತ ನಾಟಕಶಾಲೆಯೇ ಇಂದು ಲೋಕಪ್ರಸಿದ್ಧವಾದ 'ಲಾ ಸ್ಕಾಲಾ'. ಆಳಿದ ನಗರಗಳೆಲ್ಲ ಹೋದವು. ಹೆಸರು ಮಗಳ ಮೂಲಕ ಉಳಿಯಿತು.

'ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು' ಎಂಬ ಗಾದೆಯನ್ನು ನಾವು ನಗುತ್ತ ಹೇಳುತ್ತೇವೆ. ಈ ಮನೆತನದ ವಿಷಯದಲ್ಲಿ ನನಗೆ ಕಂಡದ್ದು ಇಷ್ಟು. ಪೀಠವನ್ನು ಅಣ್ಣತಮ್ಮಂದಿರು ಹಂಚಿಕೊಳ್ಳುವ ಪದ್ಧತಿ ಮೊದಲಿನಿಂದ ಕೊನೆಯವರೆಗೂ ಬದಲಾಗಲಿಲ್ಲ. ನಂಬಿಕೆ ಇದ್ದಾಗ ಅದೇ ಪದ್ಧತಿ ಅವರನ್ನು ಮೇಲಕ್ಕೆ ಒಯ್ದಿತು. ನಂಬಿಕೆ ಹೋದಾಗ ಅದೇ ಪದ್ಧತಿ ಒಬ್ಬೊಬ್ಬರ ಪಕ್ಕದಲ್ಲಿಯೂ ಒಬ್ಬೊಬ್ಬ ಶತ್ರುವನ್ನು ಕೂರಿಸಿತು. ಹತ್ತಿದ ಏಣಿ, ಇಳಿದ ಏಣಿ ಒಂದೇ. ಕೊನೆಯವರು ಅಸಮರ್ಥರೆಂದು ನಾನೀಗ ಹೇಳಲಾರೆ. ಕೋಟೆ, ಸೇತುವೆಗಳನ್ನು ಕಟ್ಟಬಲ್ಲವರು ಅಸಮರ್ಥರು ಹೇಗಾದಾರು? ಪಕ್ಕದಲ್ಲಿ ಕುಳಿತವನನ್ನು ನಂಬುವ ಸಾಮರ್ಥ್ಯವೊಂದು ಅವರಲ್ಲಿರಲಿಲ್ಲ.

ಇಷ್ಟು ಬರೆದು ನಿಲ್ಲಿಸಿದ್ದರೆ ಇದೂ ಒಂದು ಪಾಠವಾಗುತ್ತಿತ್ತು. ಈ ಪುಟವನ್ನು ಓದುವ ಬಂಧುಗಳಿಗೆ ನಾನು ಯಾವುದನ್ನು ಬಿಟ್ಟು ಬರೆಯುತ್ತಿದ್ದೇನೆಂದು ಗೊತ್ತಿದೆ. ನಮ್ಮದು ಒಂಬತ್ತು ನಗರಗಳಲ್ಲ, ಮೂರೆಕರೆ ಅಡಿಕೆ ತೋಟ. ತಂದೆಯವರು ಕಾಲವಾದ ಮೇಲೆ ಪಾಲಿನ ದಿನ, ಸಂಬಳ ಪಡೆಯುತ್ತಿದ್ದ ಅಣ್ಣನಾದ ನಾನು ಅಳತೆಯ ಹಗ್ಗ ಹಿಡಿದು ಸರಿಯಾಗಿ ಅರ್ಧ ಕೇಳಿದೆ. ಆ ಸಸಿಗಳಿಗೆ ನೀರು ಹೊತ್ತವನು ನನ್ನ ತಮ್ಮ. ನಾನು ಕೇಳಿದ್ದು ಕಾನೂನಿಗೆ ಸರಿಯಾಗಿಯೇ ಇತ್ತು. ಅಂದಿನಿಂದ ನಮ್ಮಿಬ್ಬರ ನಡುವೆ ಮಾತಿಲ್ಲ. 15 ವರ್ಷ ದಾಟಿತು. ಯಾರಾದರೂ ಕೇಳಿದರೆ 'ಅವನ ಸ್ವಭಾವವೇ ಹಾಗೆ' ಎನ್ನುತ್ತಿದ್ದೆ. ಅದೂ ಒಂದು ಅಂಕದ ಉತ್ತರವೇ.

ಊರಿಗೆ ಬಂದ ಮೇಲೆ ಅವನಿಗೊಂದು ಪತ್ರ ಬರೆದು ಹಾಕಿದ್ದೇನೆ. ತೋಟದ ಮಾತನ್ನು ಮೊದಲು ಎತ್ತಿ, ತಪ್ಪು ನನ್ನದೆಂದು ಬರೆದಿದ್ದೇನೆ. ಎರಡು ತಿಂಗಳಾಯಿತು, ಉತ್ತರ ಬಂದಿಲ್ಲ. ಬರಬೇಕೆಂದು ಕೇಳುವ ಹಕ್ಕೂ ನನಗಿಲ್ಲ. ಅವನು ಇಂಟರ್‌ನೆಟ್ ನೋಡುವವನಲ್ಲ. ಆದರೆ ನನ್ನನ್ನು ಈಗಲೂ 'ದೊಡ್ಡಪ್ಪ' ಎಂದೇ ಕರೆಯುವ ಅವನ ಮಕ್ಕಳು ಇದನ್ನು ಓದುತ್ತಾರೆ. ಮಕ್ಕಳೇ, ಸಾಧ್ಯವಾದರೆ ಇದನ್ನು ಅಪ್ಪನಿಗೆ ಓದಿ ಹೇಳಿ. ಇಟಲಿಯ ಭಾಗ ಉದ್ದವಾಯಿತೆಂದು ಅವನು ಬೇಸರಪಟ್ಟರೆ, ಕೊನೆಯ ಎರಡು ಪ್ಯಾರಾ ಸಾಕು.